ಹೆಣ್ಣಿನ ಕಡೆಯವರ ತಕರಾರು ಅರ್ಜಿ

ಗೆದ್ದದ್ದು ಮರಗಳು, ನಾನಲ್ಲ. ಊರವರು ಏನು ಬೇಕಾದರೂ ಹೇಳಿಕೊಳ್ಳಲಿ.

ನಮ್ಮೂರು ಹಾರೋಹಳ್ಳಿ ರಸ್ತೆಯಿಂದ ಒಂದು ಮೈಲಿ ಒಳಗೆ. ಊರ ಮುಂದಿನ ಕಟ್ಟೆಯ ಮೇಲೆ ಒಂದು ಅರಳಿ, ಒಂದು ಬೇವು. ಮಳೆ ಕೈಕೊಟ್ಟ ಒಂದು ವರ್ಷ ಎರಡಕ್ಕೂ ಮದುವೆ ಮಾಡಿದ್ದೆವು. ಬೇವು ಹೆಣ್ಣು, ಅರಳಿ ಗಂಡು. ಹೆಣ್ಣಿನ ತಾಯಿಯಾಗಿ ನಾನು ನಿಂತು ಧಾರೆ ಎರೆದುಕೊಟ್ಟೆ. ಗಂಡಿನ ತಾಯಿಯಾದವಳು ಕಟ್ಟೆಯ ಹಿಂದಿನ ಮನೆಯವಳು. ಅವತ್ತಿನಿಂದ ಅವಳು ನನಗೆ ಬೀಗಿತ್ತಿ. ಗಂಡಿನ ಕಡೆಯವಳೆಂಬ ಬಿಗುಮಾನ ಇನ್ನೂ ಇಳಿದಿಲ್ಲ.

ಕಟ್ಟೆ ಮುಂದಿನ ಊರ ರಸ್ತೆ ಅಗಲ ಮಾಡಬೇಕೆಂದು ಅರಳಿಗೆ ಕೆಂಪು ಬಣ್ಣದಲ್ಲಿ ನಂಬರು ಬರೆದು ಹೋದರು. ತಕರಾರಿದ್ದರೆ ಅರ್ಜಿ ಕೊಡಿ ಅಂತ ಮರಕ್ಕೇ ನೋಟೀಸು ಅಂಟಿಸಿದ್ದರು. ಕನಕಪುರದ ಒಬ್ಬ ಲಾಯರಮ್ಮ ಕಾಸು ಕೇಳದೆ ಅರ್ಜಿ ಬರೆದುಕೊಟ್ಟಳು. ನಾನು ಓದಿದ್ದು ಎರಡನೇ ಕ್ಲಾಸು, ಸಹಿ ಹಾಕಿದೆ. ಬೀಗಿತ್ತಿ, "ಗಂಡಿನ ಕಡೆಯೋರದ್ದು ಮೇಲಿರಬೇಕು," ಅಂತ ನನ್ನ ಸಹಿಯ ಮೇಲುಗಡೆ ಜಾಗ ಹುಡುಕಿ ಹುಡುಕಿ ಹೆಬ್ಬೆಟ್ಟು ಒತ್ತಿದಳು. ಎರಡು ಸಾಲು ಮಸಿಯಾಗಿ ಹೋಯಿತು.

ವಿಚಾರಣೆ ರಾಮನಗರದ ಅರಣ್ಯ ಇಲಾಖೆ ಆಫೀಸಿನಲ್ಲಿ. ಸಾಹೇಬರು ಕೇಳಿದರು, "ಮರ ಸರ್ಕಾರದ್ದು. ನಿಮಗೇನಮ್ಮ ಸಂಬಂಧ?"

"ನಾನು ಬೇವಿಗೆ ತಾಯಿ ಸ್ವಾಮಿ. ಇವಳು ಅರಳಿಗೆ."

ಲಾಯರಮ್ಮ ಹಣೆ ಹಿಡಿದುಕೊಂಡಳು. ಸಾಹೇಬರು ಪಟ್ಟಿ ನೋಡಿ, "ಬೇವಿಗೆ ಏನೂ ಮಾಡಲ್ಲಮ್ಮ. ಕಡಿಯೋದು ಅರಳಿ ಒಂದೇ," ಅಂದರು.

"ಅಂದ್ರೆ ನನ್ನ ಮಗಳನ್ನ ಮುಂಡೆ ಮಾಡ್ತೀರಾ?"

ಇಡೀ ಆಫೀಸು ನಕ್ಕಿತು. ಬೀಗಿತ್ತಿ ಎದ್ದಳು. "ನಿನ್ನ ಮಗಳ ಪಾಡು ಆಮ್ಯಾಕೆ. ಮೊದ್ಲು ಸಾಯೋನು ನನ್ನ ಮಗ ಕಣಕ್ಕ!" ಅಂತ ನನ್ನ ಮೇಲೇ ಬಿದ್ದಳು.

ಆ ಗಲಾಟೆಯಲ್ಲೇ ಲಾಯರಮ್ಮ ಫೋಟೋ ಮುಂದಿಟ್ಟಳು. ಎರಡೂ ಮರದ ಬುಡಗಳು ಹೆಣೆದುಕೊಂಡು ಬೆಳೆದಿವೆ, ಒಂದನ್ನು ಕಡಿದರೆ ಇನ್ನೊಂದು ನಿಲ್ಲುವುದಿಲ್ಲ ಎಂದಳು. ಸಾಹೇಬರು ಬಂದು ನೋಡುತ್ತೇನೆ ಅಂದರು.

ಬಂದರು, ನೋಡಿದರು. ಎರಡೂ ಮರ ಇರಲಿ, ರಸ್ತೆ ಎದುರುಗಡೆಗೆ ಸರಿಯಲಿ ಅಂತ ಬರೆದರು. ಊರವರು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಆಮೇಲೆ ಟೇಪು ಹಿಡಿದವರು ಎದುರುಗಡೆಗೆ ನಡೆದರು. ಅಲ್ಲಿದ್ದದ್ದು ನನ್ನ ಬಚ್ಚಲುಮನೆ. ರಸ್ತೆ ಜಾಗದಲ್ಲೇ ಕಟ್ಟಿಕೊಂಡಿದ್ದೆ, ಬಾಯಿ ಬಿಡುವ ಹಾಗಿರಲಿಲ್ಲ. ವಾರದೊಳಗೆ ಒಂದು ಸಂಜೆ ಜೆಸಿಬಿ ಬಂದು ಕೆಡವಿ ಹೋಯಿತು.

ಬೀಗಿತ್ತಿ ಕಟ್ಟೆಯ ಮೇಲೆ ಕೂತು ಎಲ್ಲಾ ನೋಡಿ, "ಹೆಣ್ಣಿನ ಕಡೆಯೋರ್ಗೆ ಒಸಿ ನಷ್ಟ ಆಗೋದು ಇದ್ದದ್ದೇ ಬುಡಕ್ಕ," ಅಂದಳು.

ಮಾರನೇ ದಿನ ಬೆಳಿಗ್ಗೆ ಸೀರೆ, ಸೀಗೆಪುಡಿ ಹಿಡಿದು ಅವಳ ಬಚ್ಚಲಿಗೆ ಹೋಗಿ, ಒಳಗಿನಿಂದ ಚಿಲಕ ಹಾಕಿಕೊಂಡು, ಅವಳು ತನಗೆಂದು ಕಾಯಿಸಿಟ್ಟಿದ್ದ ಒಂದು ಹಂಡೆ ನೀರನ್ನೂ ಹೊಯ್ದುಕೊಂಡು ಬಂದೆ.