ಹಡಗಿನ ಬೀಗರು

ನಮ್ಮ ಗದಗ ಜಿಲ್ಲೆಗೆ ಸಮುದ್ರವೆಂದರೆ ಮಲ್ಲಸಮುದ್ರವೆಂಬ ಹಳ್ಳಿ. ಅದೂ ಹೆಸರಿನಲ್ಲಿ ಮಾತ್ರ. ಅಂಥ ಜಿಲ್ಲೆಗೂ ಹಡಗಿನ ಪ್ರವಾಸಿಗರು ಬಂದರು. ಜಿಲ್ಲೆ ಇನ್ನೂ ಹೊಸದಾಗಿದ್ದ ವರ್ಷಗಳವು. ಗೋವಾದಲ್ಲಿ ಹಡಗಿಳಿದವರನ್ನು ಒಂದು ಕಂಪನಿ ಬಸ್ಸಿನಲ್ಲಿ ಹಂಪಿಗೆ ಒಯ್ಯುತ್ತಿತ್ತು. ದಾರಿಯಲ್ಲಿ ನಮ್ಮ ಲಕ್ಕುಂಡಿಯ ಗುಡಿ, ಬಾವಿಗಳನ್ನೂ ತೋರಿಸುವುದೆಂದು ನಿಶ್ಚಯವಾಯಿತು.

ಇದರಿಂದ ಊರಿಗೆ ಲಾಭವಾಗಬೇಕೆಂದು ಪಂಚಾಯ್ತಿಯಲ್ಲಿ ಘನವಾದ ಸಭೆ ನಡೆಯಿತು. ನಾನೂ ಒಂದು ಕುರ್ಚಿ ತುಂಬಿದ್ದೆ. ಗದಗಿನಿಂದ ಬಂದ ಸಾಹೇಬರು, "ಬಂದವರನ್ನ ಬೀಗರಂಗ ನೋಡ್ಕೊಳ್ರಿ" ಎಂದು ಅಪ್ಪಣೆ ಕೊಡಿಸಿ, ಚಹಾ ಕುಡಿದು ಹೋದರು. ಆ ಮಾತನ್ನು ನಂಬಿದವಳು ನಮ್ಮ ಓಣಿಯ ಖಾನಾವಳಿ ಅಕ್ಕ ಒಬ್ಬಳೇ. ಗಿರಾಕಿಗಳಿಲ್ಲದೆ ಅವಳ ಖಾನಾವಳಿ ಮುಚ್ಚುವುದರಲ್ಲಿತ್ತು. ಈ ಬಸ್ಸೇ ಅವಳ ಕೊನೆಯ ಆಸೆ.

ಮೊದಲ ಬಸ್ಸು ಬಂದ ದಿನ ಅಕ್ಕ ಬಾಗಿಲಲ್ಲೇ ಎಲ್ಲರ ಕಾಲಿಗೆ ನೀರು ಕೊಟ್ಟಳು. ಒಳಗೆ ಬೆಲ್ಲ ಕೊಟ್ಟಳು. ಬಿಸಿ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ ಬಡಿಸಿದಳು. ಅವರು ಬೆವರುತ್ತ ಉಂಡರು. ಕಂಪನಿಯ ಗೈಡು ಕಿಸೆಗೆ ಕೈ ಹಾಕಿದ.

"ಎಷ್ಟಾತ್ರಿ ಅಕ್ಕಾರ?"

"ಕಾಲಿಗೆ ನೀರು ಕೊಟ್ಟೀನಿ. ಬೀಗರ ಕಡಿ ರೊಕ್ಕ ಇಸ್ಕೋತಾರೇನ್ರಿ?"

ಅವನ ಕೈ ಕಿಸೆಯಿಂದ ಹೊರಗೆ ಬರಲೇ ಇಲ್ಲ. ಉಂಡ ಬೀಗರು ಮುಯ್ಯಿ ತೀರಿಸದೆ ಇರುವುದಿಲ್ಲ ಎಂದು ಅಕ್ಕ ಕಾದಳು. ಬಂದದ್ದು ಇನ್ನೊಂದು ಬಸ್ಸು, ಮತ್ತೊಂದು ಬಸ್ಸು. ಒಂದು ದಿನ ಗೈಡು ನನ್ನೆದುರೇ ಹೆಮ್ಮೆಯಿಂದ ಹೇಳಿದ:

"ಹಡಗಿನಾಗ ನಿಮ್ಮ ಊಟಕ್ಕ ಭಾಳ ಬೇಡಿಕಿ ಐತ್ರಿ. ಬ್ಯಾರೆ ಟಿಕೀಟು ತಗೊಂಡು ಬರ್ತಾರ."

"ಟಿಕೀಟಿನ ರೊಕ್ಕ ಯಾರಿಗಪಾ?" ಎಂದೆ.

"ಕಂಪನಿಗ್ರಿ. ಮತ್ತ್ಯಾರಿಗೆ?"

ಅಕ್ಕ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. ಅವನು ಹೋದಮೇಲೆ, "ಇನ್ನರ ಬಾಯಿಬಿಟ್ಟು ಕೇಳು ಬೇ ಅಕ್ಕಾ" ಎಂದೆ.

"ಮಣಿ ಹಾಕಿ ಕುಂಡ್ರಿಸಿ ಉಣಿಸಿದವರ ಮುಂದ ಹೆಂಗ ಕೈ ಒಡ್ಡಲಿ? ನೀವು ಸಭಾದಾಗ ಕುಂತಿದ್ರಲ್ಲ, ನೀವ ಕೇಳ್ರಿ."

ಕೇಳಿದೆ. ಪಂಚಾಯ್ತಿಯವರು ವಿಷಯದ ಗಾಂಭೀರ್ಯವನ್ನು ಮನಗಂಡು ಅದನ್ನು ಮುಂದಿನ ಸಭೆಗೆ ಇಟ್ಟರು. ಆ ಸಭೆಯಲ್ಲೂ ಚಹಾ ಚೆನ್ನಾಗಿತ್ತು.

ಆಮೇಲೆ ಬಸ್ಸು ಬರುವ ದಿನ ಅಕ್ಕ ಕೀಲಿ ಹಾಕಿ ಶಿರಹಟ್ಟಿಯ ತಂಗಿಯ ಮನೆಗೆ ಹೋಗತೊಡಗಿದಳು. ಬೀಗರಿಗೆ ಇಲ್ಲ ಎನ್ನಬಾರದು. ಮನೆಯಲ್ಲೇ ಇಲ್ಲದಿದ್ದರೆ ಹಾಗನ್ನುವ ಪ್ರಸಂಗವೇ ಬರುವುದಿಲ್ಲ. ಮುಚ್ಚಿದ ಬಾಗಿಲು ನೋಡಿ ನೋಡಿ ಬಸ್ಸು ಊಟಕ್ಕೆ ನಿಲ್ಲುವುದನ್ನು ಬಿಟ್ಟಿತು. ಊರಿನ ಗಿರಾಕಿಗಳು ಮೊದಲೇ ಇರಲಿಲ್ಲ. ಕಡೆಗೊಮ್ಮೆ ಹೋದವಳು ತಿರುಗಿ ಬರಲಿಲ್ಲ.

ಹೋಗುವಾಗ ಕಾಲಿಗೆ ನೀರು ಕೊಡುವ ತಂಬಿಗೆಯನ್ನು ನನ್ನ ಕಟ್ಟೆಯ ಮೇಲಿಟ್ಟು, "ಬೀಗರು ಕೇಳಿದ್ರ ಊರಾಗಿಲ್ಲ ಅನ್ರಿ" ಎಂದಿದ್ದಳು.

ಈವರೆಗೆ ಯಾರೂ ಕೇಳಿಲ್ಲ.