ಗುರುಗ್ರಹದ ಬಳೆ ಕಂಡ ಸಂಜೆ

ಕಣ್ಣಿಗೆ ಕಾಣದ್ದನ್ನು ನಂಬುವವಳು ನಾನಲ್ಲ. ಯಾರಾದರೂ ದೆವ್ವ, ಶಕುನ ಎಂದರೆ ಸುಮ್ಮನೆ ನಕ್ಕು ಚಹಾಕ್ಕೆ ನೀರಿಡುತ್ತಿದ್ದೆ. ಕೆಲವು ವರ್ಷಗಳ ಹಿಂದಿನ ಆ ದಿನದ ನಂತರ ಅಷ್ಟು ಸಲೀಸಾಗಿ ನಗಲು ಆಗುವುದಿಲ್ಲ.

ಅಂದು ಬೆಳಿಗ್ಗೆಯೂ ಎಂದಿನಂತೆ ಮೀನಿನವಳಿಂದ ಬಂಗಡೆ ಕೊಂಡು ಒಳಗಿಟ್ಟು, ಹಬ್ಬುವಾಡದ ನಮ್ಮ ಮನೆಯ ತಾರಸಿಗೆ ಹೋದೆ. ಅಲ್ಲಿ ಇವರು ಆಕಾಶ ನೋಡುವ ದುರ್ಬೀನು ಇದೆ. ಕಡಲ ಗಾಳಿಯ ಉಪ್ಪು ಅದರ ಮೈಮೇಲೆ ಅಂಟಂಟಾಗಿ ಕೂರುತ್ತದೆ. ದಿನಾ ಬೆಳಿಗ್ಗೆ ಮೆತ್ತನೆಯ ಹಳೇ ಬಟ್ಟೆಯಿಂದ ಒರೆಸಿ, ಅದರ ಬಾಯಿಗೆ ನಾನೇ ಹೊಲಿದ ದಪ್ಪ ಕಪ್ಪು ಮುಸುಕು ಕಟ್ಟುವುದು ನನ್ನ ಕೆಲಸ. ಕಾನ್ವೆಂಟಿನ ಹೊಲಿಗೆ ತರಗತಿಯಲ್ಲಿ ಸಿಸ್ಟರ್ ಕಲಿಸಿದ ಗಂಟು ಅದು. ಸಂಜೆ ಬಿಚ್ಚುವುದು ಮಾತ್ರ ಯಾವಾಗಲೂ ಇವರೇ.

ಇವರು ಅಂಕೋಲೆಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದವರು. ಗುರುಗ್ರಹದ ಒಂದು ಚಂದ್ರನಲ್ಲಿ ಜ್ವಾಲಾಮುಖಿಗಳಿವೆ. ಅವು ಉಗುಳಿದ ಗಂಧಕದ ಅನಿಲ ವಿದ್ಯುತ್ ತುಂಬಿಕೊಂಡು ಗ್ರಹದ ಸುತ್ತ ಬಳೆಯ ಹಾಗೆ ತಿರುಗುತ್ತದಂತೆ. ಆ ಮಸುಕು ಬಳೆ ಹಿಗ್ಗುವುದನ್ನೂ ಕುಗ್ಗುವುದನ್ನೂ ಇವರು ವರ್ಷಗಟ್ಟಲೆ ಚಿತ್ರ ಹಿಡಿಯುತ್ತ ಬಂದಿದ್ದಾರೆ. ಆ ವಾರ ಅದು ಇದ್ದಕ್ಕಿದ್ದಂತೆ ಬೆಳಗತೊಡಗಿತ್ತು. ಅದೇ ವಾರ ಇವರಿಗೆ ಅಂಕೋಲೆಯಲ್ಲಿ ಪಿತ್ತಕೋಶದ ಆಪರೇಷನ್.

ಅಂದು ಬೆಳಿಗ್ಗೆಯೇ ಇವರು ಆಸ್ಪತ್ರೆ ಸೇರಿದ್ದರು, ಜೊತೆಗೆ ಮೈದುನ ಇದ್ದ. ಚಿತ್ರ ತಪ್ಪಬಾರದೆಂದು ಇವರು ನನ್ನನ್ನು ಮನೆಯಲ್ಲೇ ಉಳಿಸಿದ್ದರು. ಮಧ್ಯಾಹ್ನ ಮೈದುನನ ಫೋನ್ ಬಂತು. ಅಣ್ಣನ ಬಿಪಿ ಇಳಿಯುತ್ತಿಲ್ಲ, ಇಳಿಯದಿದ್ದರೆ ನಾಳೆ ಆಪರೇಷನ್ ಇಲ್ಲ, ತಡವಾದರೆ ಕೀವು ಹರಡಬಹುದು ಎಂದು ಡಾಕ್ಟರು ಹೇಳಿದರಂತೆ. "ವೈನಿ, ಅವನಿಗೆ ಹೊಟ್ಟೆ ಚಿಂತೆ ಅಲ್ಲ, ಆ ಬಳೆ ಚಿಂತೆ" ಎಂದ.

ಕತ್ತಲಾದದ್ದೇ ಕೆಳಗಿನ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು, ಹೇಳಿಕೊಟ್ಟಂತೆ ಗುಂಡಿ ಒತ್ತಿದೆ. ಮೇಲೆ ದುರ್ಬೀನು ಗುರ್ರೆಂದು ತಿರುಗಿದ್ದು ಕೇಳಿಸಿತು. ಬಹಳ ಹೊತ್ತಿನ ಮೇಲೆ ಪರದೆಯಲ್ಲಿ ಚಿತ್ರ ಮೂಡಿತು. ನಡುವೆ ಗ್ರಹ, ಅದರ ಎರಡೂ ಬದಿಗೆ ಮಂಜಿನಂಥ ಬೆಳಕು. ಕೂಡಲೇ ಇವರಿಗೆ ಕಳಿಸಿದೆ.

"ಇವತ್ತಿನದೇ ಹೌದು. ಆ ಚಂದ್ರನೂ ಇರಬೇಕಾದ ಜಾಗದಲ್ಲೇ ಉಂಟು. ಬಳೆ ನಿನ್ನೆಗಿಂತ ದಪ್ಪ ಆಗಿದೆ ನೋಡು" ಎಂದರು. ಫೋನಿನಲ್ಲಿ ಕೇಳಿದ ಇವರ ದನಿಯಲ್ಲಿ ನಗು ಇತ್ತು. ಸ್ವಲ್ಪ ಹೊತ್ತಿಗೆ ಬಿಪಿ ಇಳಿಯುತ್ತಿದೆ ಎಂದು ಮೈದುನ ತಿಳಿಸಿದ.

ದುರ್ಬೀನು ಮುಚ್ಚಿ ಬರೋಣವೆಂದು ತಾರಸಿಗೆ ಹೋಗಿ ದೀಪ ಹಾಕಿದೆ. ಮುಸುಕು ಕಟ್ಟಿಯೇ ಇತ್ತು. ಬೆಳಿಗ್ಗೆ ನಾನು ಹಾಕಿದ ಗಂಟು ಹಾಗೇ ಇತ್ತು, ಅದರ ಮೇಲೆ ಉಪ್ಪಿನ ಪಸೆಯೂ ಕೂತಿತ್ತು. ಕೈ ಮುಟ್ಟಿಸಲು ಧೈರ್ಯವಾಗಲಿಲ್ಲ.

ಆಪರೇಷನ್ ಚೆನ್ನಾಗಿ ಆಯಿತು. ಮನೆಗೆ ಬಂದ ಮೇಲೆ ಇವರಿಗೆ ಎಲ್ಲ ಹೇಳಿದೆ. ಮುಸುಕು ಇದ್ದಿದ್ದರೆ ಬರೀ ಕಪ್ಪು ಬರಬೇಕಿತ್ತು ಎಂದವರು ಆ ಚಿತ್ರವನ್ನು ಮತ್ತೆ ಮತ್ತೆ ತೆರೆದು ನೋಡಿದರು. ಕೊನೆಗೆ, ಗಾಬರಿಯಲ್ಲಿ ನೀನೇ ಬಿಚ್ಚಿ, ಮತ್ತೆ ಕಟ್ಟಿ ಮರೆತಿರಬೇಕು ಎಂದರು. ಹಾಗೇ ಇರಲಿ ಎಂದು ನಾನೂ ಎಷ್ಟೋ ಸಲ ಅಂದುಕೊಂಡಿದ್ದೇನೆ.

ಆದರೆ ಅಂದು ಆ ಗಂಟನ್ನೇ ನೋಡುತ್ತ ನಿಂತಿದ್ದಾಗ, ಪಕ್ಕದ ತಾರಸಿಯಲ್ಲಿ ಗಾಳಿಗೆ ಕೂತಿದ್ದ ಶಾಂತಾಬಾಯಿ ಬೀಸಣಿಗೆ ಆಡಿಸುತ್ತಲೇ ಕೇಳಿದ್ದರು: "ಅಲ್ಲಾ ಬಾಯೋರೆ, ಯಜಮಾನ್ರ ಜೊತೆ ದುರ್ಬೀನಿಗೂ ರಜೆಯಾ? ಸೆಕೆ ಅಂತ ಸಂಜೆಯಿಂದ ಇಲ್ಲೇ ಕೂತಿದ್ದೇನೆ, ಮುಸುಕು ತೆಗೀಲಿಕ್ಕೆ ಯಾರೂ ಬರ್ಲೇ ಇಲ್ಲ."