ಜಯಲತಕ್ಕನ ಸೇಬಿನ ಪ್ಯೂರಿ

ಮರಾಠಿ ನಾಡಿನ ಠಾಕುರ್ಲಿ ಸ್ಟೇಷನ್ನಿನ ಕೂಗಳತೆಯಲ್ಲಿರುವ ಆ ಹೌಸಿಂಗ್ ಸೊಸೈಟಿಯಲ್ಲಿ ಜಯಲತಕ್ಕನ ಮಾತು ಲಿಫ್ಟಿಗಿಂತ ಬೇಗ ಮೇಲಿನ ಮಾಳಿಗೆ ಮುಟ್ಟುತ್ತಿತ್ತು. ಬ್ರಹ್ಮಾವರದಿಂದ ಮದುವೆಯಾಗಿ ಬಂದವರು, ಮರಾಠಿಯನ್ನೂ ಉಡುಪಿಯ ರಾಗದಲ್ಲೇ ಆಡುವವರು. ಗಂಡ ಕಿಟ್ಟಣ್ಣ ಕಲ್ಯಾಣದ ಹೋಟೆಲೊಂದರ ಗಲ್ಲಾದ ಮೇಲೆ ಕೂರುತ್ತಿದ್ದರು. ಮಗ ಅಕ್ಷಿತ್, ಸೊಸೆ ಸೌಜನ್ಯ ಇಬ್ಬರೂ ಬೆಳಗ್ಗೆ ಲೋಕಲ್ ರೈಲು ಹಿಡಿದು ಕೆಲಸಕ್ಕೆ ಹೋದರೆ ಮನೆಯಲ್ಲಿ ಉಳಿಯುತ್ತಿದ್ದುದು ಜಯಲತಕ್ಕ ಮತ್ತು ಮೊಮ್ಮಗಳು ದಿಶಾ.

ದಿಶಾಳಿಗೆ ಅನ್ನಪ್ರಾಶನವಾದ ಮೇಲೆ, ಅಂಗಡಿಯ ಪ್ಯಾಕೆಟ್ ಈ ಮನೆಯ ಹೊಸಿಲು ದಾಟಬಾರದೆಂದು ಜಯಲತಕ್ಕ ಕಟ್ಟಪ್ಪಣೆ ಮಾಡಿದರು. ನೇಂದ್ರ ಬಾಳೆಕಾಯಿ ಒಣಗಿಸಿ ಹುಡಿ ಮಾಡಿದರು. ಸೇಬು ಬೇಯಿಸಿ ಅರೆದು ಪ್ಯೂರಿ ಮಾಡಿದರು. ಪಕ್ಕದ ಮನೆಯ ಎಳೆಯ ತಾಯಿ ಒಂದು ಬಾಟಲಿ ಕೇಳಿದಳು, ಅವಳ ತಂಗಿ ಎರಡು ಕೇಳಿದಳು. ನೋಡುನೋಡುತ್ತಿದ್ದಂತೆ ಅಡುಗೆಮನೆಯೇ ಸಣ್ಣ ಕಾರ್ಖಾನೆಯಾಯಿತು.

ಅಷ್ಟರಲ್ಲಿ ಮೊಬೈಲಿನಲ್ಲಿ ಒಂದು ವೀಡಿಯೊ ಬಂತು. ಅಂಗಡಿಯಲ್ಲಿ ಸಿಗುವ ಮಕ್ಕಳ ಹಣ್ಣಿನ ಆಹಾರದಲ್ಲಿ ಕೀಟನಾಶಕದ ಅಂಶ ಸಿಕ್ಕಿದೆಯಂತೆ. ಜಯಲತಕ್ಕ ಅದನ್ನು ಪರಿಚಯದವರ ಗ್ರೂಪಿಗೆ ಕಳಿಸಿ, ಕೆಳಗೆ 'ನಮ್ಮದು ಮನೆಯದ್ದು' ಎಂದು ಬರೆದರು. ಬಾಟಲಿ ಸಾಲದೆ ಹೋಯಿತು.

ಸೌಜನ್ಯಳಿಗೆ ವಾಗ್ಳೆ ಎಸ್ಟೇಟೆಂಬ ಕೈಗಾರಿಕಾ ಪ್ರದೇಶದ, ಆಹಾರ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ. ಜಯಲತಕ್ಕ ಅವಳ ಕೈಗೆ ಹುಡಿಯದ್ದೊಂದು, ಪ್ಯೂರಿಯದ್ದೊಂದು ಬಾಟಲಿ ಕೊಟ್ಟು, "ನಿಮ್ಮ ಮೆಷಿನ್ನಿಗೆ ಒಮ್ಮೆ ಇದನ್ನೂ ಹಾಕು ಮಾರಾಯ್ತಿ. ರಿಪೋರ್ಟ್ ಗ್ರೂಪಿಗೆ ಹಾಕುವ, ಎಲ್ಲರೂ ನೋಡಲಿ" ಎಂದರು.

ಕೆಲವು ದಿನ ಕಳೆದು ಸೌಜನ್ಯ ಮನೆಗೆ ಬಂದವಳೇ, ಎಂದೂ ಇಲ್ಲದ ಹಾಗೆ ತಾನಾಗಿ ಕೊತ್ತಂಬರಿ ಬಿಡಿಸಲು ಕೂತಳು. ಜಯಲತಕ್ಕನಿಗೆ ಏನೋ ಇದೆ ಅನ್ನಿಸಿತು.

"ಅತ್ತೇ, ಬಾಳೆಕಾಯಿ ಹುಡಿ ಕ್ಲೀನ್ ಉಂಟು. ಆ್ಯಪಲ್‌ನಲ್ಲಿ ಮಾತ್ರ ಬಂತು."

"ಎಂತ ಬಂತು?"

"ಕೀಟನಾಶಕ, ಎರಡು ತರದ್ದು. ದೊಡ್ಡವರಿಗಾದ್ರೆ ಚಲ್ತಾ ಹೈ. ಕೂಸಿಗೆ ಅಷ್ಟು ಇರಬಾರದು."

"ನಿಮ್ಮ ಮೆಷಿನ್ ಕೆಟ್ಟಿರಬೇಕು. ಉಪ್ಪುನೀರಲ್ಲಿ ನೆನೆಹಾಕಿ ತೊಳೆದವಳು ನಾನು."

"ಸಿಪ್ಪೆ ತೆಗೆದಿದ್ರಾ?"

"ಸಿಪ್ಪೆಯಲ್ಲೇ ಅಲ್ವಾ ಸತ್ವ ಇರುವುದು?"

"ಸಿಪ್ಪೆಯಲ್ಲೇ ಇದೂ ಜಾಸ್ತಿ ಅತ್ತೆ. ಕೆಲವು ಒಳಗೂ ಇಳಿದಿರ್ತದೆ. ತೊಳೆದರೆ ಪೂರಾ ಹೋಗುವುದಿಲ್ಲ."

ಜಯಲತಕ್ಕ ದಿಶಾಳ ಕಡೆ ನೋಡಿದರು. ಕೂಸು ಚಮಚ ಚೀಪುತ್ತಾ ನಗುತ್ತಿತ್ತು. ಮಾರನೆಯ ದಿನ ಮಕ್ಕಳ ಡಾಕ್ಟರು, ಕೂಸು ಚೆನ್ನಾಗಿದೆ, ಇನ್ನು ಒಂದೇ ಹಣ್ಣನ್ನು ದಿನವೂ ಕೊಡಬೇಡಿ ಎಂದ ಮೇಲೆಯೇ ಅವರು ಊಟಕ್ಕೆ ಕೂತದ್ದು.

"ಯಾರಿಗೂ ಬೋಲ್‌ನೇ ಕೀ ಜರೂರತ್ ನಹೀ ಮಮ್ಮಿ," ಎಂದ ಅಕ್ಷಿತ್. "ಹೇಳ್ಲಿಕ್ಕೆ ಹೋಗ್ಬೇಡಿ, ಇನ್ನು ಮಾಡಲೂಬೇಡಿ, ಮುಗೀತು."

"ಬೇರೆಯವರದ್ದು ಹಾಳು ಅಂತ ಊರಿಗೆಲ್ಲ ಸಾರಿದವಳು ನಾನು. ನನ್ನದನ್ನು ಮುಚ್ಚಿಟ್ಟರೆ ನನಗೇ ನಿದ್ದೆ ಬರ್ಲಿಕ್ಕಿಲ್ಲ."

ಆ ಸಂಜೆಯೇ ಅವರು ಚೀಲ ಹಿಡಿದು ಮನೆಮನೆಗೆ ಹೋಗಿ, ನಡೆದದ್ದನ್ನು ಹೇಳಿ ಬಾಟಲಿ ವಾಪಸು ತಂದರು. ಒಬ್ಬಳು ಮುಖಕ್ಕೇ ಬಾಗಿಲು ಹಾಕಿದಳು. ಇನ್ನೊಬ್ಬಳು ಚಹಾ ಕೊಟ್ಟು, "ಕಾಕೂ, ಹೀಗೆ ಮನೆಗೆ ಬಂದು ಹೇಳುವವರು ಯಾರಿದ್ದಾರೆ?" ಎಂದು ಮರಾಠಿಯಲ್ಲಿ ಕೇಳಿದಳು. ಬಾಗಿಲು ಹಾಕಿದವಳದ್ದೇ ಜಯಲತಕ್ಕನಿಗೆ ಹೆಚ್ಚು ನಾಟಿತು.

ಮರುವಾರ ತುರ್ಭೆಯ ಹಣ್ಣಿನ ಮಾರ್ಕೆಟ್ಟಿಗೆ ಹೋಗಿ ಸಂಗಮೇಶನ ಎದುರು ನಿಂತರು. ವಿಜಯಪುರದ ಕಡೆಯವನು, ಅವರಿಗೆ ಸೇಬು ಆರಿಸಿ ಕೊಡುತ್ತಿದ್ದವನು.

"ಔಷಧ ಹೊಡೆಯದ ಸೇಬು ಇಲ್ವಾ ನಿನ್ನ ಹತ್ರ?"

"ಎಲ್ಲಿಂದ ತರಲ್ರೀ ಅಕ್ಕಾರ? ಒಂದು ಚುಕ್ಕಿ ಕಂಡ್ರ ಒಲ್ಲೆ ಅಂತ ತಿರುಗಿಸಿ ಇಡ್ತಿದ್ದವ್ರು ನೀವ."

ಜಯಲತಕ್ಕನಿಗೆ ನಗು ಬಂತು, ಸಿಟ್ಟೂ ಬಂತು. ಚುಕ್ಕಿಯಿದ್ದ ಸೇಬನ್ನೇ ಒಯ್ದು, ಸಿಪ್ಪೆ ದಪ್ಪಗೆ ಹೆರೆದು ಮತ್ತೆ ಮಾಡಿದರು. ಲ್ಯಾಬಿನ ಪರೀಕ್ಷೆಯಲ್ಲಿ ಕೀಟನಾಶಕದ ಅಂಶ ಕಡಿಮೆಯಾಗಿತ್ತೇ ಹೊರತು ಮಾಯವಾಗಿರಲಿಲ್ಲ. "ಸಾಕು," ಎಂದು ಸೇಬಿಗೆ ಕೈಮುಗಿದರು.

ಈಗ ಅವರ ಅಡುಗೆಮನೆಯಲ್ಲಿ ಬಾಳೆಕಾಯಿ ಹುಡಿ ಮಾತ್ರ. ಗಿರಾಕಿಗಳು ಅರ್ಧಕ್ಕರ್ಧ ಕಮ್ಮಿ. ಪ್ರತಿಸಲ ಮಾಡಿದ್ದರಲ್ಲಿ ಒಂದು ಚೂರು ಸೌಜನ್ಯಳ ಬ್ಯಾಗಿನಲ್ಲಿ ವಾಗ್ಳೆ ಎಸ್ಟೇಟಿಗೆ ಹೋಗುತ್ತದೆ. ಅವಸರದ ತಾಯಂದಿರು ಫೋನ್ ಮಾಡಿದರೆ ಜಯಲತಕ್ಕ ಜಪ್ಪಯ್ಯ ಅಂದರೂ ಬಗ್ಗುವುದಿಲ್ಲ.

"ಹುಡಿ ರೆಡಿ ಉಂಟು ಮಗಾ. ಸೊಸೆ ಇನ್ನೂ ಪಾಸು ಮಾಡ್ಲಿಲ್ಲ. ನಾಡಿದ್ದು ಕೇಳು."